ರಕ್ತದ ಕಣವೂ ಮನದ ನೋವೂ

ಡೆಂಗ್ಯೂ ಜ್ವರದ ದಿನಗಳಲ್ಲಿ ದಾವಣಗೆರೆಯ ಮನೆಗಳಲ್ಲಿ ‘ಪ್ಲೇಟ್‌ಲೆಟ್ ಎಷ್ಟಿದೆ?’ ಎಂಬ ಪ್ರಶ್ನೆ ಕೇಳಿಬರುತ್ತದೆ. ರಕ್ತ ಹೆಪ್ಪುಗಟ್ಟಲು ನೆರವಾಗುವ ಈ ಸೂಕ್ಷ್ಮ ಕಣಗಳು ತಮ್ಮೊಳಗೆ ಸೆರೊಟೋನಿನ್ ಎಂಬ ವಸ್ತುವನ್ನೂ ಹೊತ್ತು ಸಾಗುತ್ತವೆ. ಇಂದು ಅದು ಮನಸ್ಸಿನ ಉಲ್ಲಾಸದ ರಸವೆಂದೇ ಹೆಸರಾಗಿದೆ. ಆದರೆ ಅದರ ಚರಿತ್ರೆ ಆರಂಭವಾದದ್ದು ಮನಸ್ಸಿನಿಂದಲ್ಲ, ಕರುಳಿನಿಂದ.

1930ರ ದಶಕದಲ್ಲಿ ಇಟಲಿಯ ವಿಜ್ಞಾನಿ ವಿತ್ತೋರಿಯೊ ಎರ್‌ಸ್ಪಾಮರ್ ಕರುಳಿನ ಒಳಪದರದಲ್ಲಿ ಸ್ನಾಯುವನ್ನು ಸಂಕುಚಿಸುವ ವಸ್ತುವೊಂದನ್ನು ಕಂಡು ‘ಎಂಟರಮಿನ್’ ಎಂದು ಕರೆದರು. 1948ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಮಾರಿಸ್ ರ್‍ಯಾಪೋರ್ಟ್, ಆರ್ಡಾ ಗ್ರೀನ್ ಮತ್ತು ಅರ್ವಿನ್ ಪೇಜ್ ದನದ ರಕ್ತದ ಸೀರಮ್‌ನಿಂದ ರಕ್ತನಾಳವನ್ನು ಬಿಗಿಗೊಳಿಸುವ ವಸ್ತುವನ್ನು ಬೇರ್ಪಡಿಸಿ, ‘ಸೆರೊಟೋನಿನ್’ ಎಂದು ಹೆಸರಿಟ್ಟರು. ಎರಡೂ ಒಂದೇ ವಸ್ತುವೆಂದು 1952ರಲ್ಲಿ ಸ್ಪಷ್ಟವಾಯಿತು. ಮರುವರ್ಷ ಬೆಟ್ಟಿ ಟ್ವಾರೋಗ್ ಮತ್ತು ಪೇಜ್ ಅದು ಮೆದುಳಿನಲ್ಲಿಯೂ ಇರುವುದನ್ನು ಪ್ರಕಟಿಸಿದರು.

ದೇಹದ ಸೆರೊಟೋನಿನ್‌ನಲ್ಲಿ ಶೇ. 90ರಷ್ಟು ಕರುಳಿನಲ್ಲಿಯೇ ಇದೆ. ಪ್ಲೇಟ್‌ಲೆಟ್‌ಗಳು ಅದನ್ನು ತಾವಾಗಿ ತಯಾರಿಸುವುದಿಲ್ಲ. ಕರುಳಿನಿಂದ ರಕ್ತಕ್ಕೆ ಬಂದದ್ದನ್ನು ಹೀರಿ ಕೂಡಿಡುತ್ತವೆ, ಗಾಯವಾದಾಗ ಬಿಟ್ಟುಕೊಡುತ್ತವೆ. ಆದ್ದರಿಂದ ಆರೋಗ್ಯವಂತರಲ್ಲಿಯೂ ಅದರ ಪ್ರಮಾಣ ಒಂದೇ ತೆರನಾಗಿರುವುದಿಲ್ಲ. ವಂಶಗುಣ, ಕಣಗಳ ಹೀರುವ ಶಕ್ತಿ, ಆಹಾರದಿಂದ ದೊರೆಯುವ ಟ್ರಿಪ್ಟೊಫಾನ್, ಸೇವಿಸುವ ಔಷಧಿ, ಕರುಳಿನ ಕೆಲವು ಗಡ್ಡೆಗಳು ಇವೆಲ್ಲವೂ ಅದನ್ನು ಏರಿಳಿಸಬಲ್ಲವು. ಪ್ರಯೋಗಾಲಯದಲ್ಲಿ ಕಣಗಳು ಒಡೆದರೂ ಲೆಕ್ಕ ತಪ್ಪುತ್ತದೆ.

ಇಲ್ಲೊಂದು ಸೋಜಿಗವಿದೆ. ಖಿನ್ನತೆಗೆ ವೈದ್ಯರು ಕೊಡುವ ಸಾಮಾನ್ಯ ಮಾತ್ರೆಗಳು ಕಣಗಳ ಹೀರುವಿಕೆಯನ್ನು ತಡೆಯುವುದರಿಂದ, ರೋಗಿ ಚೇತರಿಸಿಕೊಳ್ಳುತ್ತಿರುವಾಗಲೇ ಪ್ಲೇಟ್‌ಲೆಟ್‌ಗಳ ಸೆರೊಟೋನಿನ್ ಬಹಳವಾಗಿ ಇಳಿಯುತ್ತದೆ! ರಕ್ತದ ಸೆರೊಟೋನಿನ್ ಮೆದುಳನ್ನು ಪ್ರವೇಶಿಸುವುದೂ ಇಲ್ಲ. ಖಿನ್ನತೆಗೆ ಸೆರೊಟೋನಿನ್ ಕೊರತೆಯೇ ಕಾರಣವೆಂಬುದಕ್ಕೆ ದೃಢವಾದ ಆಧಾರವಿಲ್ಲವೆಂದು 2022ರಲ್ಲಿ ಪ್ರಕಟವಾದ ವಿಸ್ತೃತ ಪರಾಮರ್ಶೆಯೂ ಹೇಳಿತು. ಹಾಗೆಂದು ಯಾರೂ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು, ಅದು ಅಪಾಯಕರ. ಮನದ ನೋವನ್ನು ಒಂದು ಅಂಕಿಯಿಂದ ಅಳೆಯಲಾಗದು ಎಂಬುದಷ್ಟೇ ಇದರ ಪಾಠ.

ಅಂಕಿಯಿಂದ ಅಳೆಯಲಾಗದ್ದನ್ನು ನಾವು ವಿಶ್ವಾಸದ ಅಳತೆಗೋಲಿನಿಂದ ಅಳೆಯಲು ಹೊರಡುತ್ತೇವೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯಮಾತೆಯ ಸನ್ನಿಧಿಗೆ ಬರುವವರು ಜ್ವರ, ಮಧುಮೇಹಗಳನ್ನು ಬಾಯಿಬಿಟ್ಟು ಹೇಳುತ್ತಾರೆ. ಮಗಳ ಖಿನ್ನತೆಯನ್ನು ಮಾತ್ರ ಪಿಸುದನಿಯಲ್ಲಿ. ‘ಪ್ರಾರ್ಥನೆ ಸಾಲದು’ ಎಂಬ ನೆರೆಹೊರೆಯವರ ಮಾತಿಗೆ ಅಂಜುತ್ತಾರೆ. ಆದರೆ ಪ್ರವಾದಿ ಎಲೀಯನೂ ಮರದಡಿ ಕುಳಿತು ಸಾವನ್ನು ಬೇಡಿದನಲ್ಲವೇ? ದೇವರು ಅವನನ್ನು ಗದರಿಸಲಿಲ್ಲ. ನಿದ್ರಿಸಲು ಬಿಟ್ಟರು, ದೂತನ ಮೂಲಕ ರೊಟ್ಟಿಯನ್ನೂ ನೀರನ್ನೂ ಕೊಟ್ಟರು.

ನಮ್ಮ ಮನೆಯಲ್ಲಿ ಬಳಲಿದವರಿಗೂ ಮೊದಲು ಬೇಕಾದದ್ದು ಅದೇ: ತೀರ್ಪಲ್ಲ, ಆರೈಕೆ. ಮಾತೆಯ ಮುಂದೆ ಮೇಣದಬತ್ತಿ ಹಚ್ಚೋಣ. ಅದೇ ಭಕ್ತಿಯಿಂದ ಅವರನ್ನು ವೈದ್ಯರ ಬಳಿಗೂ ಕೈಹಿಡಿದು ಕರೆದೊಯ್ಯೋಣ.