ನೃಪತುಂಗನ ಕಾಲದ ಹನ್ನೊಂದು ಅಂಕಿಗಳ ಕಂಠಿಕೆ

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ (814–878) ಆಳ್ವಿಕೆಯಲ್ಲಿ ಹುಟ್ಟಿದ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಗೆ ಹೆಸರಿಸುವ ಕೊಪಣನಗರವೇ ಇಂದಿನ ಕೊಪ್ಪಳವಾಗಿದ್ದು, ಅದು ಜೈನರ ಮಹಾತೀರ್ಥವೆಂದು ಶತಮಾನಗಳ ಕಾಲ ಖ್ಯಾತಿ ಪಡೆದಿತ್ತು. ಅದೇ ದೊರೆಯನ್ನು ಸ್ತುತಿಸಿ ಮೊದಲಾಗುವ ಇನ್ನೊಂದು ಕೃತಿ, ಜೈನ ವಿದ್ವಾಂಸ ಮಹಾವೀರಾಚಾರ್ಯನು ಸುಮಾರು 850ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಗಣಿತಸಾರಸಂಗ್ರಹ, ಕನ್ನಡ ನಾಡಿನ ಚರಿತ್ರೆಯಲ್ಲಿ ಕವಿರಾಜಮಾರ್ಗದಷ್ಟು ಚರ್ಚೆಗೆ ಬಂದಿಲ್ಲ.

ಏಕದಿಂದ ಮಹಾಕ್ಷೋಭದವರೆಗೆ, ಅಂದರೆ ಒಂದರ ಮುಂದೆ 23 ಸೊನ್ನೆಗಳಿರುವ ಸಂಖ್ಯೆಯವರೆಗೆ, 24 ಸ್ಥಾನಗಳಿಗೆ ಹೆಸರು ಕೊಡುವ ಈ ಗ್ರಂಥವು ಅಂಕಿಗಳನ್ನು ಭೂತಸಂಖ್ಯೆಗಳಲ್ಲಿ, ಎಂದರೆ ವಸ್ತುವಾಚಕ ಪದಗಳಲ್ಲಿ, ಹೇಳುತ್ತದೆ. ಜೈನ ತತ್ತ್ವದಂತೆ ರತ್ನವೆಂದರೆ ಮೂರು, ತತ್ತ್ವವೆಂದರೆ ಏಳು, ಕರ್ಮವೆಂದರೆ ಎಂಟು. ಗುಣಾಕಾರದ ಉದಾಹರಣೆಗಳಲ್ಲಿ ಮಹಾವೀರನು ಕೆಲವು ಗುಣಲಬ್ಧಗಳನ್ನು ಕಂಠಿಕೆ, ಕಂಠಾಭರಣ ಎಂದು ಕರೆಯುತ್ತಾನೆ, ಏಕೆಂದರೆ ಅವು ಹಾರದ ಮಣಿಗಳಂತೆ ಎರಡೂ ತುದಿಗಳಿಂದ ಒಂದೇ ಬಗೆಯಾಗಿ ಕಾಣುತ್ತವೆ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು ಸಾಲಾಗಿ ನಿಲ್ಲುತ್ತವೆ. 27994681ನ್ನು 441ರಿಂದ ಗುಣಿಸಿದರೆ 12345654321 ಬರುತ್ತದೆ, ಅದನ್ನು ಅವನು ಒಂದರಿಂದ ಆರರವರೆಗೆ ಏರಿ ಅದೇ ಕ್ರಮದಲ್ಲಿ ಇಳಿಯುವ ಸಂಖ್ಯೆಯೆಂದು ಬಣ್ಣಿಸುತ್ತಾನೆ. ಬಿಡಿ ಸ್ಥಾನದಿಂದ ಎಡಕ್ಕೆ ಅಂಕಿ ಹೇಳುತ್ತ ಹೋಗುವ ಭೂತಸಂಖ್ಯೆಯ ರೂಢಿಯಲ್ಲಿ ಇಂಥ ಸಂಖ್ಯೆಗೆ ಹಿಂದುಮುಂದು ಎಂಬುದೇ ಇಲ್ಲ.

ಈ ಸಂಖ್ಯೆಯ ಒಳರಚನೆ ಅದರ ಹೊರಗಿನ ಚೆಲುವಿಗಿಂತ ಹೆಚ್ಚು ಸ್ವಾರಸ್ಯಕರವಾದುದು. ಅದು 111111ರ ವರ್ಗ. 111111 ಎಂಬುದು 3, 7, 11, 13, 37 ಎಂಬ ಐದು ಅವಿಭಾಜ್ಯಗಳ, ಅಂದರೆ ಒಂದು ಮತ್ತು ತಮ್ಮಿಂದಲ್ಲದೆ ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಗಳ, ಗುಣಲಬ್ಧವಾಗಿದ್ದು, ಮೊದಲೆರಡನ್ನು ಗುಣಿಸಿದರೆ 21, ಉಳಿದ ಮೂರನ್ನು ಗುಣಿಸಿದರೆ 5291 ಆಗುವುದರಿಂದ, ಗುಣ್ಯ 27994681 ಎಂಬುದು 5291ರ ವರ್ಗವೂ ಗುಣಕ 441 ಎಂಬುದು 21ರ ವರ್ಗವೂ ಆಗಿವೆ. ಐದೂ ಅವಿಭಾಜ್ಯಗಳು ವರ್ಗರೂಪದಲ್ಲಿ ಬರುವ ಕಾರಣ ಇದಕ್ಕೆ ಒಟ್ಟು 243 ಭಾಜಕಗಳಿವೆ. ಅಂಕಿಗಳ ಏರಿಳಿತಕ್ಕೆ ಕಾರಣ ಸರಳ: 111111ನ್ನು ಅದರಿಂದಲೇ ಗುಣಿಸುವಾಗ ಯಾವ ಸ್ಥಾನದಲ್ಲಿಯೂ ಆರಕ್ಕಿಂತ ಹೆಚ್ಚು ಒಂದುಗಳು ಕೂಡುವುದಿಲ್ಲ, ದಶಕ ಮುಂದಿನ ಸ್ಥಾನಕ್ಕೆ ಸಾಗುವ ಪ್ರಸಂಗವೇ ಬರುವುದಿಲ್ಲ, ಒಂಬತ್ತು ಒಂದುಗಳವರೆಗೂ ಈ ಹಾರ ಕೆಡದೆ ಉಳಿದು, ಹತ್ತಕ್ಕೆ ತುಂಡಾಗುತ್ತದೆ. ಹೀಗೆ ಎರಡು ವರ್ಗಗಳನ್ನು ಜೋಡಿಸಿದ ಉದಾಹರಣೆಯನ್ನು ಬರಿಯ ಅಂಕಿಯಾಟವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಮುಂದೆ ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ರಚಿಸಿ ಈ ಶಾಸ್ತ್ರವನ್ನು ಕನ್ನಡಕ್ಕೆ ತಂದನು. ಗಣಿತಸಾರಸಂಗ್ರಹವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದವನ್ನು ಹೊಂಬುಜದ ಜೈನ ಮಠವು 2000ದಲ್ಲಿ ಹೊರತಂದಿತು.