ಕೇಳದೆ ಕೇಳಿದ್ದು

ಶಿರಾ ಕಡೆಯಿಂದ ತುಮಕೂರಿಗೆ ಬರುವ ಕೆಂಪು ಬಸ್ಸು. ನನ್ನ ಮುಂದಿನ ಸೀಟಿನಲ್ಲಿ ಐವತ್ತರ ಆಸುಪಾಸಿನ ಒಬ್ಬ ಹೆಂಗಸು, ತೊಡೆಯ ಮೇಲೆ ವೈರ್ ಬುಟ್ಟಿ, ಬುಟ್ಟಿಯ ಬಾಯಿಗೆ ಹಳೆಯ ಟವೆಲ್ಲು. ಸೆರಗನ್ನು ಫೋನಿನ ಮೇಲೆ ಎಳೆದುಕೊಂಡು ಮಾತಾಡುತ್ತಿದ್ದರು. ಬಸ್ಸಿನ ಗದ್ದಲದಲ್ಲಿ ಹತ್ತು ಮಾತಿಗೆ ಒಂದು ಕೂಡ ಹಿಂದಕ್ಕೆ ಬರುತ್ತಿರಲಿಲ್ಲ. ಒಂದು ಸ್ಟಾಪಿನಲ್ಲಿ ಡ್ರೈವರ್ ಎಂಜಿನ್ ಆಫ್ ಮಾಡಿದ. ಆಗ ಸ್ಪಷ್ಟವಾಗಿ ಕೇಳಿಸಿತು: "ಅವ್ನು ಬಂದ್ರೆ ಬಾಗ್ಲು ತಗೀಬ್ಯಾಡ ಕಣವ್ವ." ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದು, "ಮುದ್ದೆ ಮಾತ್ರ ಮಡಗಿರು."

ಮುಂದಿನ ಸ್ಟಾಪಿನಲ್ಲಿ ಅವರು ಇಳಿದರು. ಮುಖವನ್ನು ನಾನು ಸರಿಯಾಗಿ ನೋಡಲೂ ಇಲ್ಲ. ಆದರೆ ಆ ಎರಡು ವಾಕ್ಯ ನನ್ನ ಜೊತೆ ತುಮಕೂರಿಗೆ ಬಂತು, ಮನೆಗೆ ಬಂತು, ಇವತ್ತಿಗೂ ಇದೆ.

ಈಗ ಆ ಕ್ರಿಯಾಪದ ನೋಡಿ. ಕೇಳಿಸಿತು ಎಂದು ಬರೆದೆ, ಕೇಳಿದೆ ಎಂದು ಬರೆಯಲಿಲ್ಲ. ‘ನನಗೆ ಕೇಳಿಸಿತು’ ಎಂದಾಗ ತಪ್ಪು ನನ್ನದಲ್ಲ, ಮಳೆಯ ಹನಿ ಮೈಮೇಲೆ ಬಿದ್ದ ಹಾಗೆ ಮಾತು ಕಿವಿಗೆ ಬಿತ್ತು. ‘ನಾನು ಕೇಳಿದೆ’ ಎಂದರೆ ಕಿವಿಯನ್ನು ಅತ್ತ ತಿರುಗಿಸಿದವನು ನಾನೇ. ಇನ್ನೊಂದು ಇದೆ, ‘ಕೇಳಿಸಿಕೊಂಡೆ’. ಇದರ ಬಾಲದಲ್ಲಿ ‘ಕೊಳ್ಳು’ ಕೂತಿದೆ. ಬಿದ್ದ ಮಾತನ್ನು ಎತ್ತಿ ಮಡಿಲಿಗೆ ಹಾಕಿಕೊಂಡೆ ಎಂದೇ ಅದರ ಅರ್ಥ. ಕಿವಿಗೊಡು ಎನ್ನುವಲ್ಲಿ ಕೊಡು, ಕೇಳಿಸಿಕೊಳ್ಳು ಎನ್ನುವಲ್ಲಿ ಕೊಳ್ಳು. ಕೇಳುವುದನ್ನು ಕನ್ನಡ ಒಂದು ವ್ಯವಹಾರದಂತೆ ನೋಡುತ್ತದೆ: ಕಿವಿ ಕೊಟ್ಟು ಮಾತು ತಗೊಳ್ಳುವುದು. ಅಂದ ಮೇಲೆ ಲೆಕ್ಕವೂ ಇರಬೇಕು. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಆಸ್ಪತ್ರೆಯ ಕಾರಿಡಾರಿನಲ್ಲಿ ಅಪರಿಚಿತರ ಮಾತು ಹೆಕ್ಕಿ ಕಥೆ ಬರೆಯುವ ನಮ್ಮಂಥವರು ಆ ಲೆಕ್ಕದ ಬಗ್ಗೆ ಯೋಚಿಸುವುದು ಕಡಿಮೆ.

‘ಕೇಳು’ ಪದಕ್ಕೆ ಆಲಿಸು ಎಂಬ ಅರ್ಥವೂ ಇದೆ, ಪ್ರಶ್ನಿಸು ಎಂಬ ಅರ್ಥವೂ ಇದೆ. ನಾವು ಹುಟ್ಟಿದಾಗಿನಿಂದ ಬಳಸುವುದರಿಂದ ಇದು ವಿಶೇಷ ಅನ್ನಿಸುವುದಿಲ್ಲ. ಹಿಂದಿಯವರಿಗೆ ಸುನ್‌ನಾ ಬೇರೆ, ಪೂಛ್‌ನಾ ಬೇರೆ. ನೆರೆಯ ತೆಲುಗಿನಲ್ಲೂ ವಿನು ಬೇರೆ, ಅಡುಗು ಬೇರೆ. ತಮಿಳಿನ ಕೇಳ್, ತುಳುವಿನ ಕೇಣ್ ನಮ್ಮ ಹಾಗೆಯೇ ಎರಡನ್ನೂ ಹೊತ್ತುಕೊಂಡಿವೆ. ಕನ್ನಡದಲ್ಲಿ ಈ ಪದ ಓಡಾಡದ ಜಾಗವಿಲ್ಲ. ಬೆಲೆ ಕೇಳುತ್ತೇವೆ, ಸಾಲ ಕೇಳುತ್ತೇವೆ, ಹೆಣ್ಣು ಕೇಳಲು ಹೋಗುತ್ತೇವೆ, ಕಣಿ ಕೇಳುತ್ತೇವೆ. ಮಾತು ಕೇಳದ ಮಗ ಎಂದರೆ ಕಿವುಡನಲ್ಲ, ಹಟಮಾರಿ. ‘ಮನಸ್ಸು ಕೇಳಲಿಲ್ಲ’ ಎಂದು ಅರ್ಧ ದಾರಿಯಿಂದ ವಾಪಸು ಬರುತ್ತೇವೆ. ಗಂಡನ ಹೆಸರು ಹೇಳದ ಕಾಲದ ಹೆಂಗಸರು ‘ಕೇಳಿದ್ರಾ?’ ಎಂದೇ ಕರೆಯುತ್ತಿದ್ದರು, ಅದೇ ಆತನ ಹೆಸರಾಗಿತ್ತು. ಕುಮಾರವ್ಯಾಸನ ಭಾರತದಲ್ಲಿ ಸಂಧಿ ಸಂಧಿಗೂ ಜನಮೇಜಯನನ್ನು ಎಬ್ಬಿಸಿ ಕೂರಿಸುವ ಪದವೂ ಇದೇ. ಇವೆಲ್ಲಕ್ಕಿಂತ ನನ್ನ ಎದೆಗೆ ತಾಗುವುದು ಒಂದು ಪ್ರಯೋಗ: ‘ಅವನನ್ನು ಕೇಳೋರೇ ಇಲ್ಲ.’ ಇಲ್ಲಿ ಕೇಳುವುದೆಂದರೆ ಆಲಿಸುವುದೂ ಅಲ್ಲ, ಪ್ರಶ್ನಿಸುವುದೂ ಅಲ್ಲ. ನೋಡಿಕೊಳ್ಳುವುದು, ಬದುಕಿದ್ದೀಯಾ ಎಂದು ವಿಚಾರಿಸುವುದು.

ಕದ್ದು ಕೇಳುವ ವಿಷಯಕ್ಕೆ ಬಂದರೆ ನಮ್ಮಲ್ಲೊಂದು ಜನಪದ ಕಥೆಯಿದೆ, ಎ.ಕೆ. ರಾಮಾನುಜನ್ ಸಂಗ್ರಹಿಸಿದ್ದು. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಗಟ್ಟಿದ ಅವೆರಡೂ ಆಕೆ ಬಾಯಿ ತೆರೆದು ಮಲಗಿದ್ದಾಗ ಹೊರಗೆ ಬಂದವು. ಒಂದು ಗಂಡಸಿನ ಚಪ್ಪಲಿಯಾಗಿ ಬಾಗಿಲಲ್ಲಿ ಕೂತಿತು, ಇನ್ನೊಂದು ಅಂಗಿಯಾಗಿ ಗೂಟಕ್ಕೆ ನೇತುಹಾಕಿಕೊಂಡಿತು. ಗಂಡ ಮನೆಗೆ ಬಂದ. ಯಾರು ಬಂದಿದ್ದು ಎಂದು ಕೇಳಿದ. ಯಾರೂ ಇಲ್ಲ ಎಂದಳು. ಆತ ನಂಬಲಿಲ್ಲ, ಜಗಳವಾಡಿ ಹೋಗಿ ಹನುಮಂತನ ಗುಡಿಯಲ್ಲಿ ಮಲಗಿದ. ಊರಿನ ಮನೆಗಳಲ್ಲಿ ದೀಪ ಆರಿದ ಮೇಲೆ ಜ್ಯೋತಿಗಳೆಲ್ಲ ಆ ಗುಡಿಯಲ್ಲಿ ಸೇರಿ ಹರಟೆ ಹೊಡೆಯುತ್ತಿದ್ದವು. ಆ ರಾತ್ರಿ ಅವನ ಮನೆಯ ಜ್ಯೋತಿ ತಡವಾಗಿ ಬಂತು. ಯಾಕೆ ತಡ ಎಂದು ಉಳಿದವು ಕೇಳಿದವು. ಅದು ನಡೆದದ್ದನ್ನೆಲ್ಲ ಹೇಳಿತು. ಗಂಡ ಮಲಗಿದಲ್ಲೇ ಎಲ್ಲ ಕೇಳಿಸಿಕೊಂಡ, ಸಂಶಯ ಹೋಯಿತು. ಬೆಳಿಗ್ಗೆ ಮನೆಗೆ ಬಂದು ಹೆಂಡತಿಯನ್ನು ಆ ಕಥೆ, ಆ ಹಾಡು ಯಾವುದು ಎಂದು ಕೇಳಿದ. ಯಾವ ಕಥೆ, ಯಾವ ಹಾಡು? ಆಕೆಗೆ ಎರಡೂ ಮರೆತುಹೋಗಿದ್ದವು.

ಇದನ್ನು ಕಥೆ ಹೇಳುವುದರ ಮಹಿಮೆ ಎಂದು ಎಲ್ಲರೂ ಓದುತ್ತಾರೆ. ನಾನು ಆ ಗಂಡನ ಕಡೆಯಿಂದ ಓದುತ್ತೇನೆ. ಇಷ್ಟು ವರ್ಷ ಜೊತೆಗೆ ಬದುಕಿದವನು ನಿನಗೆ ಯಾವ ಕಥೆ ಗೊತ್ತು ಎಂದು ಒಮ್ಮೆಯೂ ಕೇಳಿರಲಿಲ್ಲ. ಹೊರಗಿನ ಗುಡಿಯಲ್ಲಿ ಕದ್ದು ಕೇಳಿದ ಮೇಲೆ ಬಂದು ಕೇಳಿದ. ಮೊದಲು ಕೇಳಬೇಕಿತ್ತು. ಗಿರೀಶ ಕಾರ್ನಾಡರು ‘ನಾಗಮಂಡಲ’ಕ್ಕೆ ಇದೇ ಗುಡಿಯನ್ನು, ಇದೇ ಜ್ಯೋತಿಗಳನ್ನು ತಂದುಕೊಂಡಾಗ ಕಂಬದ ಮರೆಯಲ್ಲಿ ಕೂತು ಕೇಳುವವನನ್ನು ನಾಟಕಕಾರನನ್ನಾಗಿಯೇ ಮಾಡಿದರು. ಕೇಳಿದವನು ಅದನ್ನು ಇನ್ನೊಬ್ಬರಿಗೆ ಹೇಳಲೇಬೇಕು ಎಂದು ಅಲ್ಲಿ ಕಥೆಯೇ ಶರತ್ತು ಹಾಕುತ್ತದೆ. ಸರಿ. ಆದರೆ ಹೇಳುವ ಮೊದಲು ಕೇಳಬೇಕಾದ್ದು ಇದೆ, ಆ ಪಾಠ ನನಗೆ ತಡವಾಗಿ ಸಿಕ್ಕಿತು.

ಬಹಳ ಹಿಂದೆ ಒಂದು ಜಿಲ್ಲಾಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಪಕ್ಕದಲ್ಲಿ ಇಬ್ಬರು ಅಕ್ಕತಂಗಿಯರು ಅಮ್ಮನ ಕಾಯಿಲೆ, ಅಣ್ಣನ ಪಾಲು, ಒತ್ತೆಯಿಟ್ಟ ಬಳೆ, ಎಲ್ಲ ಮಾತಾಡಿಕೊಂಡರು. ನಾನು ಹಾಗೆಯೇ ಬರೆದೆ. ಊರನ್ನೂ ಬಿಡಲಿಲ್ಲ, ಬಳೆಯನ್ನೂ ಬಿಡಲಿಲ್ಲ. ಜೀವಂತವಾಗಿದೆ ಎಂದು ಓದಿದವರು ಹೊಗಳಿದರು. ಕೆಲವು ತಿಂಗಳ ಮೇಲೆ ಒಂದು ಫೋನ್ ಬಂತು. ಆ ಇಬ್ಬರಲ್ಲಿ ಒಬ್ಬರ ಮಗಳು. ಬೈಯಲಿಲ್ಲ. "ಅಮ್ಮನ ಮಾತು ಚೆನ್ನಾಗಿ ಕೇಳಿಸ್ಕೊಂಡಿದೀರಾ ಸರ್," ಎಂದಳು. "ಅಮ್ಮನ್ನ ಒಂದ್ ಮಾತು ಕೇಳ್ಬೋದಿತ್ತು."

ಒಂದೇ ಪದವನ್ನು ಆ ಹುಡುಗಿ ಎರಡು ಸಲ ಬಳಸಿದಳು. ಮೊದಲನೆಯದನ್ನು ನಾನು ಮಾಡಿದ್ದೆ, ಎರಡನೆಯದನ್ನು ಮಾಡಿರಲಿಲ್ಲ. ಪದದ ಅರ್ಧವನ್ನು ಮಾತ್ರ ಬಳಸಿ ಲೇಖಕ ಅನ್ನಿಸಿಕೊಂಡಿದ್ದೆ. ಆ ಬರಹವನ್ನು ನಾನು ಯಾವ ಪುಸ್ತಕಕ್ಕೂ ಸೇರಿಸಿಲ್ಲ.

ಮಾಸ್ತಿಯವರ ‘ಮೊಸರಿನ ಮಂಗಮ್ಮ’ ಆಮೇಲೆ ಬೇರೆಯಾಗಿ ಕಂಡಿತು. ಮೊಸರು ಮಾರಲು ಬಂದ ಮಂಗಮ್ಮ ತನ್ನ ಮನೆಯ, ಸೊಸೆಯ ಜಗಳದ ಸಂಗತಿ ಹೇಳಿಕೊಳ್ಳುವುದು ಮೊಸರು ಕೊಳ್ಳುವ ಮನೆಯಾಕೆಯ ಮುಂದೆ. ಆ ಮನೆಯಾಕೆ ಏನಾಯಿತು ಎಂದು ಕೇಳುತ್ತಾಳೆ, ಹೇಳಿದ್ದನ್ನು ಕೇಳುತ್ತಾಳೆ. ಪದ ಅಲ್ಲಿ ಇಡಿಯಾಗಿದೆ. ಬಸ್ಸಿನಲ್ಲಿ ನಮಗೆ ಆ ಸೌಭಾಗ್ಯವಿಲ್ಲ. ಮುಂದಿನ ಸೀಟಿನ ತಾಯಿಯ ಭುಜ ತಟ್ಟಿ, "ಅವ್ವಾ, ಬಾಗಿಲು ಯಾಕೆ ತೆಗೆಯಬಾರದು?" ಎಂದು ಕೇಳಲಾಗುವುದಿಲ್ಲ. ಹಾಗಾದರೆ ಆ ಇನ್ನರ್ಧವನ್ನು ಎಲ್ಲಿ ಪೂರೈಸುವುದು? ನನಗೆ ಕಂಡ ದಾರಿ ಒಂದೇ. ಅವರನ್ನು ಕೇಳಬೇಕಾದ್ದನ್ನೆಲ್ಲ ಆ ಮಾತನ್ನೇ ಹಿಡಿದು ಕೇಳಬೇಕು.

ಕೇಳಿ ನೋಡಿದೆ. ಬಾಗಿಲು ತೆಗೆಯದೆ ಮುದ್ದೆ ಎಲ್ಲಿಡುವುದು? ಜಗುಲಿಯ ಮೇಲೆ, ನಾಯಿ ಮುಟ್ಟದ ಹಾಗೆ ಬೋಗುಣಿ ಕವುಚಿ. ಅನ್ನ ಎನ್ನದೆ ಮುದ್ದೆ ಎಂದದ್ದೇಕೆ? ಮುದ್ದೆ ಬಿಸಿಯಲ್ಲೇ ಉಣ್ಣಬೇಕಾದದ್ದು, ಆರಿದರೆ ಗಟ್ಟಿ. ಅಂದರೆ ಅವನು ಬರುವ ಹೊತ್ತು ಆ ಮನೆಗೆ ಗೊತ್ತು. ಹೊತ್ತು ಗೊತ್ತು ಎಂದರೆ ದಿನವೂ ಬರುತ್ತಾನೆ. ಫೋನಿನ ಆ ಕಡೆ ಇರುವವಳು ಮಗಳೋ ಸೊಸೆಯೋ? ಗಂಡನಿಗೆ ಹೆದರಿ ಬಾಗಿಲು ಮುಚ್ಚಿದ್ದೋ, ಮಗನ ಮೇಲಿನ ಸಿಟ್ಟಿಗೆ ಮುಚ್ಚಿದ್ದೋ? ಆ ಒಂದು ಉಸಿರಿನ ಮೌನದಲ್ಲಿ ತಾಯಿಯ ‘ಮನಸ್ಸು ಕೇಳಲಿಲ್ಲ’. ಹೀಗೆ ಕೇಳುತ್ತ ಹೋದಂತೆ ಶಿರಾ ಕಡೆಯ ಆ ಹೆಂಗಸು ಹಿಂದೆ ಸರಿದು ಬೇರೊಬ್ಬಳು ಎದ್ದು ಬಂದಳು, ಬೇರೆ ಊರಿನವಳು, ಬೇರೆ ಮನೆಯವಳು. ಕೇಳಿಸಿಕೊಂಡ ಮಾತು ಕಥೆಯಾಗುವುದು ಅಲ್ಲಿಂದಾಚೆಗೆ. ಬರೆದಾದ ಮೇಲೂ ಅಸಲಿನ ಗುರುತು ಉಳಿದಿದ್ದರೆ ನಾವಿನ್ನೂ ಸಾಕಷ್ಟು ಕೇಳಿಲ್ಲ ಎಂದು ಅರ್ಥ.

2023ರ ಜೂನ್ 11ರಂದು ಹೆಂಗಸರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ನಾನು ಓಡಾಡುವ ಬಸ್ಸುಗಳಲ್ಲಿ ಹೆಂಗಸರ ಮಾತು ತುಂಬಿಕೊಂಡಿದೆ. ಶೂನ್ಯ ಟಿಕೆಟ್ ಮಡಚಿ ಪರ್ಸಿಗೆ ಹಾಕಿ, ತವರಿಗೋ ಧರ್ಮಸ್ಥಳಕ್ಕೋ ಹೊರಟವರು ಪಕ್ಕದವಳು ಯಾರೆಂದು ಗೊತ್ತಿಲ್ಲದೆಯೂ ಮನಸ್ಸು ಬಿಚ್ಚುತ್ತಾರೆ. ಮನೆಯಲ್ಲಿ ಕೇಳೋರಿಲ್ಲದ ಎಷ್ಟೋ ಮಾತು ಅಲ್ಲಿ ಆಡುವುದಕ್ಕೆ ಸಿಗುತ್ತದೆ. ದರ್ಶಿನಿಯ ಎತ್ತರದ ಟೇಬಲ್ಲಿಗೆ ನಾಲ್ಕು ಜನ ಅಪರಿಚಿತರು ತಟ್ಟೆ ಇಟ್ಟು ನಿಂತಾಗಲೂ ಹಾಗೆಯೇ, ಆದರೆ ಅಲ್ಲಿ ಇಡ್ಲಿ ಮುಗಿಯುವಷ್ಟರಲ್ಲಿ ಮಾತೂ ಮುಗಿದಿರುತ್ತದೆ. ಬಸ್ಸಿಗೆ ದಾರಿ ಉದ್ದ. ಫೋನ್ ಆನ್ ಮಾಡಿ ಇಂಥ ಮಾತುಗಳನ್ನು ರೆಕಾರ್ಡ್ ಮಾಡಿಕೊಳ್ಳುವ ಹುಡುಗರನ್ನು ನೋಡಿದ್ದೇನೆ. ಅದು ಕೇಳುವುದಲ್ಲ, ಕಳವು. ಯಂತ್ರ ಧ್ವನಿಯನ್ನು ಹಿಡಿಯುತ್ತದೆ, ಹೆಸರನ್ನು ಹಿಡಿಯುತ್ತದೆ, ಪ್ರಶ್ನೆಯನ್ನು ಕೇಳುವುದಿಲ್ಲ.

ನಿಮ್ಮ ಕಿವಿಗೂ ಇವತ್ತು ಅಂಥದ್ದೊಂದು ಮಾತು ಬಿದ್ದಿದ್ದರೆ, ಮಲಗುವ ಮೊದಲು ಒಂದು ಚೀಟಿಯಲ್ಲಿ ಬರೆದಿಡಿ. ಬೆಳಗಾದರೆ ಅದು ಅವರ ಮಾತಾಗಿ ಉಳಿಯದೆ ನಿಮ್ಮ ಮಾತಾಗಿಬಿಡುತ್ತದೆ. ಆಡಿದವರ ಉಚ್ಚಾರಣೆಯಲ್ಲೇ ಬರೆಯಿರಿ. ಹೆಸರು ಬೇಡ, ಊರು ಬೇಡ. ಕೆಳಗೆ ಒಂದಷ್ಟು ಜಾಗ ಖಾಲಿ ಬಿಡಿ, ನೀವು ಕೇಳಬೇಕಾದ್ದಕ್ಕೆ.