ಶಾಫ್ಟ್ ಒಂದೇ ದಿನದಲ್ಲಿ ಮುರಿಯಲ್ಲ (ಕಬ್ಬಿಣದ ಕಥೆ, ಭಾಗ 4)

1842ರ ಮೇ 8, ಭಾನುವಾರ. ವರ್ಸೇಲ್ಸ್ ಅರಮನೆ ತೋಟದಲ್ಲಿ ರಾಜನ ಹಬ್ಬ ನೋಡ್ಕೊಂಡು ಜನ ಪ್ಯಾರಿಸ್‌ಗೆ ವಾಪಸ್ ಹೊರಟಿದ್ರು. ರೈಲು ಭರ್ತಿ. ದಾರಿಯಲ್ಲಿ ಮುಂದಿನ ಇಂಜಿನ್ನಿನ ಅಚ್ಚು ಮುರಿಯಿತು. ಹಿಂದಿದ್ದ ಇಂಜಿನ್, ಬೋಗಿಗಳು ಅದರ ಮೇಲೆ ಬಂದು ಬಿದ್ದವು, ಬೆಂಕಿ ಹತ್ತಿಕೊಂಡಿತು. ಆಗ ಅಲ್ಲಿ ಪ್ರಯಾಣಿಕರನ್ನ ಒಳಗೆ ಕೂರಿಸಿ ಹೊರಗಿನಿಂದ ಬೀಗ ಹಾಕೋ ಪದ್ಧತಿ ಇತ್ತು. 50ಕ್ಕೂ ಹೆಚ್ಚು ಜನ ಸತ್ತರು. ಅಂಟಾರ್ಕ್ಟಿಕಾ ತನಕ ಹೋಗಿ ಜೀವಂತ ಬಂದಿದ್ದ ನಾವಿಕ ಡ್ಯುಮೋನ್ ಡ್ಯುರ್ವಿಲ್ ಕೂಡ, ಹೆಂಡತಿ ಮಗನ ಸಮೇತ. ಬೀಗ ಹಾಕೋದನ್ನ ಆಮೇಲೆ ಬಿಟ್ಟರು.

ಆದ್ರೆ ಅಷ್ಟು ದಪ್ಪದ ಅಚ್ಚು ಮುರಿದದ್ದು ಯಾಕೆ? ಅದುರಿ ಅದುರಿ ಕಬ್ಬಿಣದ ಒಳಗುಣವೇ ಬದಲಾಗಿ ಹರಳುಗಟ್ಟುತ್ತೆ ಅಂತ ಆಗ ತುಂಬಾ ಜನ ನಂಬಿದ್ರು. ಮುರಿದ ಜಾಗ ಕಲ್ಲುಸಕ್ಕರೆ ಥರ ಕಾಣ್ತಿತ್ತಲ್ಲ, ಅದಕ್ಕೆ.

1843ರಲ್ಲಿ ರ‍್ಯಾಂಕಿನ್ ಅನ್ನೋ ಸ್ಕಾಟ್ಲೆಂಡಿನ ಹುಡುಗ (ವಯಸ್ಸು 22, ನಮ್ಮ ಸೀನಿಯರ್ ಅಷ್ಟೇ!) ಬೇರೆ ಮಾತು ಹೇಳಿದ. ಅಚ್ಚು ದಪ್ಪದಿಂದ ಸಣ್ಣಕ್ಕೆ ಇಳಿಯೋ ಕಡೆ ಚೂಪಾದ ಮೂಲೆ ಇರುತ್ತೆ. ಬಿರುಕು ಶುರುವಾಗೋದು ಅಲ್ಲಿ, ನಿಧಾನವಾಗಿ ಒಳಗೆ ಹೋಗುತ್ತೆ. ಆ ಮೂಲೆಯನ್ನ ದುಂಡಗೆ ಮಾಡಿ ಅಂದ.

ಈಗ ಎರಡನೇ ಫೋಟೋಗೆ ಸ್ವೈಪ್ ಮಾಡಿ. ನಮ್ಮ ಮಾವನ ಶೆಡ್‌ನಲ್ಲಿ ಕಬ್ಬಿಣ ಕೊಯ್ಯೋ ಹಳೇ ಬ್ಯಾಂಡ್‌ಸಾ ಇದೆ. ಅದರ ಗೇರ್‌ಬಾಕ್ಸ್ ಶಾಫ್ಟ್ ಇದು. ಇದರ ತುದಿಯಲ್ಲಿ ಬ್ಲೇಡ್ ಓಡಿಸೋ ಚಕ್ರ ಕೂರುತ್ತೆ, ಬಿಗಿಯಾದ ಬ್ಲೇಡ್ ಅದನ್ನ ಸದಾ ಒಂದೇ ಕಡೆ ಎಳೀತಿರುತ್ತೆ. ಶಾಫ್ಟ್ ಮಾತ್ರ ತಿರುಗ್ತಾನೇ ಇರುತ್ತೆ. ಹಾಗಾಗಿ ಪ್ರತಿ ಸುತ್ತಿಗೂ ಒಂದು ಸಲ ಈ ಕಡೆ, ಒಂದು ಸಲ ಆ ಕಡೆ ಬಗ್ಗಿದ ಹಾಗೆ. ತಂತಿಯನ್ನ ಹಿಂದೆ ಮುಂದೆ ಬಗ್ಗಿಸಿ ಮುರೀತೀವಲ್ಲ, ಅದೇ ಲೆಕ್ಕ. ಮುರಿದ ಮುಖ ನೋಡಿ: ಮುಕ್ಕಾಲು ಭಾಗ ನುಣುಪು, ಕೆರೆ ನೀರು ಇಳಿದಾಗ ದಡದಲ್ಲಿ ಉಳಿಯೋ ಥರ ಗೆರೆಗಳು. ಅದು ಹಳೇ ಬಿರುಕು. ಒರಟಾಗಿರೋ ಚೂರು ಮಾತ್ರ ಆವತ್ತು ಮುರಿದದ್ದು. ಪಾಪ, ಆವತ್ತು ಮಷೀನ್ ಓಡಿಸ್ತಿದ್ದ ಹುಡುಗನ ಮೇಲೆ ಎಲ್ಲರೂ ರೇಗಿದ್ರು.

ನಿಮಿಷಕ್ಕೆ 100 ಸುತ್ತು ಅಂತ ಹಿಡೀರಿ. 8 ಗಂಟೆಗೆ 48,000. ವರ್ಷಕ್ಕೆ 300 ದಿನ ಅಂದ್ರೆ 1.44 ಕೋಟಿ. (ಬಿಕಾಂ ಬುದ್ಧಿ!) ಈ ಎಣಿಕೆಯನ್ನ ಗಂಭೀರವಾಗಿ ತಗೊಂಡವನು ಜರ್ಮನಿಯ ರೈಲ್ವೆ ಇಂಜಿನಿಯರ್ ವೋಲರ್. ಅಚ್ಚಿನ ತುಂಡುಗಳಿಗೆ ಭಾರ ಹಾಕಿ ತಿರುಗಿಸ್ತಾ, ಎಷ್ಟು ಸುತ್ತಿಗೆ ಮುರಿಯುತ್ತೆ ಅಂತ ವರ್ಷಗಟ್ಟಲೆ ಎಣಿಸಿದ. ಒಂದೇ ಏಟಿಗೆ ಮುರಿಯೋಕೆ ಬೇಕಾದಷ್ಟು ಭಾರ ಬೇಡವೇ ಬೇಡ, ಅದಕ್ಕಿಂತ ಎಷ್ಟೋ ಕಮ್ಮಿ ಭಾರವೂ ಸುತ್ತು ಜಾಸ್ತಿಯಾದ್ರೆ ಸಾಕು ಅಂತ 1870ರ ಹೊತ್ತಿಗೆ ತೋರಿಸಿಕೊಟ್ಟ.

ಆರ್ಡರ್ ಕಾಯ್ತಿತ್ತು, ಹಾಗಾಗಿ ಮಾವ ‘ವೆಲ್ಡ್ ಹೊಡೆದು ಕೂರಿಸೋಣ’ ಅಂದ್ರು. ವೆಲ್ಡಿಂಗ್ ಬಿಸಿಗೆ ಶಾಫ್ಟ್ ಸೊಟ್ಟ ಆಗುತ್ತೆ, ಪಕ್ಕದ ಉಕ್ಕು ಪೆಡಸಾಗುತ್ತೆ, ಮತ್ತೆ ಅಲ್ಲೇ ಬಿರುಕು. ಲೇತ್ ಅಂಗಡಿಯ ಅಣ್ಣ ಒಪ್ಪಲೇ ಇಲ್ಲ. ಇಎನ್ 8 ರಾಡ್ ತಂದು ಹೊಸದೇ ಮಾಡಿದ್ರು. ಮೂಲೆಯನ್ನ ಹಳೇ ಶಾಫ್ಟ್ ಥರ ಚೂಪಾಗಿ ಬಿಡದೆ, ಟೂಲ್ ತುದಿಯನ್ನ ದುಂಡಗೆ ಸಾಣೆ ಹಿಡಿದು ತಿರುಗಿಸಿದ್ರು. ಅತಿಯಾಗಿ ದುಂಡಗೆ ಮಾಡಿದ್ರೂ ಕಷ್ಟ, ಬೇರಿಂಗ್ ಒತ್ತಿ ಕೂರಲ್ಲ. ಅದಕ್ಕೆ ಬೇರಿಂಗ್ ಒಳ ಅಂಚಿನ ಅಳತೆಗಿಂತ ಕೂದಲೆಳೆಯಷ್ಟು ಕಮ್ಮಿ ಇಟ್ರು. ಕೊನೇ ಫೋಟೋ ಅದೇ, ಜೂಮ್ ಮಾಡಿದ್ರೆ ಆ ದುಂಡು ಕಾಣುತ್ತೆ.